ಕುದುರೆ ಮನೆಗೆ ಬಂದ ಪ್ಯಾದೆ

ಚೌಬಾರದ ಹಿಂದಿನ ಗಲ್ಲಿ. ಬಾಸಿತ್ ಮಿಯಾನ ಕಾರ್ಖಾನೆ.
ಕಾರ್ಖಾನೆ ಅಂದರೆ ಒಂದು ಕೋಣೆ, ಒಂದು ಕುಲುಮೆ,
ಉಳಿಗಳ ಡಬ್ಬಿ, ತಂತಿ ಹೊಡೆಯುವ ನಾನು,
ಬಾಗಿಲ ಬಳಿ ಚಹಾದ ಕಲೆ ಹೊತ್ತ ಚದುರಂಗದ ಹಲಗೆ.
ಕರಿಯ ಒಂಟೆ ಕಳೆದು ಎರಡು ವರ್ಷವಾಯಿತು.
ಅದರ ಜಾಗದಲ್ಲಿ ಸೈಕಲ್ಲಿನ ನಟ್ಟೊಂದು
ಓರೆಯಾಗಿ ಓಡಾಡುತ್ತದೆ,
ನಿನ್ನದು ಯಾವ ಊರೆಂದು ಯಾರೂ ಅದನ್ನು ಕೇಳಿಲ್ಲ.

ಊರು ಕೇಳುವುದು ಅಮೆರಿಕದವರಿಗೆ.

"ಫಿಶರ್," ಅನ್ನುತ್ತಾನೆ ಧೂಳಪ್ಪ,
ಮನೆಮನೆಗೆ ಕರೆಂಟ್ ಬಿಲ್ಲು ಹಂಚಿ ನಿವೃತ್ತನಾದವ,
"ಅಲ್ಲೇ ಹುಟ್ಟಿದಂವ, ಆ ಮಣ್ಣಿನ ಕೂಸು.
ಅದಕ್ಕೂ ಮೊದಲ ಮಾರ್ಫಿ,
ಇಪ್ಪತ್ತೊಂದಕ್ಕ ಯುರೋಪ್ ಉಂಡು ಕೈ ತೊಳದಂವ.
ಉಳದವ್ರೆಲ್ಲಾ ಬಾಡಗಿ ಮಂದಿ."

ಮಾಣಿಕರಾವ್ ಎಲೆಯಡಿಕೆಯನ್ನು
ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸುತ್ತಾನೆ.
ಅದಕ್ಕೆ ಸಮಯ ಹಿಡಿಯುತ್ತದೆ.
"ರೆಶೆವ್‌ಸ್ಕಿ ಪೋಲೆಂಡಿನ ಪಾರ.
ಎಂಟು ವರ್ಷಕ್ಕ, ಕುರ್ಚಿ ಮ್ಯಾಲಿಂದ ಕಾಲು ನೆಲಕ್ಕ ಹತ್ತದಾಗ,
ಗಡ್ಡದ ಮುದುಕರನ್ನ ಸಾಲಾಗಿ ಕುಂಡ್ರಿಸಿ ಸೋಲಿಸ್ಯಾನ. ಅಂವಾ ಬಾಡಗಿಯೇನು?
ಜಪಾನಿನಾಗ ಹುಟ್ಟಿ, ಎರಡು ವರ್ಷದ ಕೂಸಿದ್ದಾಗ ಬಂದ ನಕಮುರನ್ನ
ಯಾವ ಸಾಲಿಗಿ ಹಾಕ್ತಿ?
ಮಯಾಮಿದಾಗ ಹುಟ್ಟಿ, ಇಟಲಿ ಬಾವುಟದ ಕೆಳಗ ಆಡಿ,
ತಿರುಗಿ ಬಂದ ಕರುವಾನಾನ್ನ?"

ಉತ್ತರ ಇಲ್ಲದಾಗ ಧೂಳಪ್ಪ ಆನೆ ಸರಿಸುತ್ತಾನೆ.

"ನಿನ್ನ ಮಣ್ಣಿನ ಕೂಸು ಎಲ್ಲಿ ಮಣ್ಣಾತು? ಐಸ್‌ಲ್ಯಾಂಡಿನಾಗ!
ಅರವತ್ನಾಲ್ಕಕ್ಕ, ಮನಿಗೊಂದು ವರ್ಷ ಲೆಕ್ಕಾ ಹಾಕಿದಂಗ.
ಪ್ರಾಗಿನ ಸ್ಟೈನಿಟ್ಜ್ ಸತ್ತದ್ದು ನ್ಯೂಯಾರ್ಕಿನಾಗ.
ಈಗ ಹೇಳು, ಯಾರು ಯಾ ಊರಂವ?"
ಆಮೇಲೆ ದನಿ ತಗ್ಗಿಸಿ, ಹಲಗೆಗೆ ಹೇಳಿದಂತೆ:
"ನಾ ಹುಟ್ಟಿದಾಗ ಉದಗೀರ ಬೀದರ ಜಿಲ್ಲಾನೇ ಇತ್ತು.
ಐವತ್ತಾರರಾಗ ನಾ ತೊಟ್ಟಿಲದಾಗ ಮಲಗಿದ್ದೆ. ಗೆರಿ ಎದ್ದು ಹೋತು.
ಈಗ ಆಟೋದಂವ ಕೇಳ್ತಾನ, ಕಾಕಾ, ಎಲ್ಲಿಂದ ಬಂದೀರಿ."

ನಾನು ಬೆಳ್ಳಿ ತಂತಿಯನ್ನು ಗೀರಿನೊಳಗೆ ಕೂರಿಸುತ್ತಾ ಸುಮ್ಮನಿದ್ದೆ.
ಈ ಊರು ಈ ವಾದವನ್ನು ಮೊದಲೇ ಒಮ್ಮೆ ಆಡಿದೆ:
ದಖನಿ, ಅಫಾಖಿ,
ಇಲ್ಲಿಯವ, ಹಡಗಿಳಿದು ಬಂದವ.
ಒಂದು ಖೊಟ್ಟಿ ಕಾಗದ, ಕುಡಿದ ಸುಲ್ತಾನ,
ಗಿಲಾನಿನಿಂದ ಬಂದ ವಜೀರನ ತಲೆ.
ಆ ಆಟದ ಕಾಯಿಗಳು ಮರಳಿ ಡಬ್ಬಿಗೆ ಬರಲಿಲ್ಲ.
ಅವನು ಕಟ್ಟಿದ ಮದರಸಾದ ಉಳಿದ ಒಂದೇ ಮಿನಾರಿನ ಮೇಲೆ
ಈಗ ಗಿಳಿಗಳು ಜಗಳಾಡುತ್ತವೆ.

ಬಾಸಿತ್ ಮಿಯಾ ಇಬ್ಬರ ಪಕ್ಷವನ್ನೂ ಹಿಡಿಯುವುದಿಲ್ಲ.
ಕೋಟೆಯಿಂದ ತಂದ ಮಣ್ಣನ್ನು ನಾಲಿಗೆಗೆ ಹಚ್ಚಿ,
ಕಣ್ಣು ಮುಚ್ಚಿ, ಉಗುಳಿ,
"ಇದು ಅಲ್ಲ," ಅನ್ನುತ್ತಾನೆ, ಇನ್ನೊಂದು ಚೀಲಕ್ಕೆ ಕೈ ಹಾಕುತ್ತಾನೆ.

ಅಷ್ಟರಲ್ಲಿ ಧೂಳಪ್ಪನ ಪ್ಯಾದೆ
ಕೊನೆಯ ಸಾಲು ಮುಟ್ಟಿತು. ಕುದುರೆಯ ಮನೆ.
ಇಲ್ಲಿ ನಡೆಯುವುದು ದೇಸೀ ಕಾಯ್ದೆ, ಅದೂ ಧೂಳಪ್ಪನದೇ ಹಟ:
ಯಾರ ಮನೆ ಹೊಕ್ಕರೆ ಅವರಂತೆ ಆಗಬೇಕು.
ಕುದುರೆಯಾದರೆ ಸೋಲು. ವಜೀರನಾದರೆ ಎರಡೇ ನಡೆ, ಗೆಲುವು.
ಅವನು ಕಿವಿ ತುರಿಸಿಕೊಂಡ.
ಬೀದಿಯತ್ತ ನೋಡಿದ. ಕೆಮ್ಮಿದ.
"ಇದೊಂದು ಸಲ," ಅಂದ, "ಹೊರಗಿನ ಕಾಯ್ದಾ ಹಚ್ಚೂಣೇನು?"

ಮಾಣಿಕರಾವ್ ನಕ್ಕ ನಗೆಗೆ
ಎಲೆಯಡಿಕೆ ಹಲಗೆ ದಾಟಿ ನನ್ನ ಸೆರಗಿಗೆ ಬಿತ್ತು.
ಗೆದ್ದ ವಜೀರ ಅವನ ಮುಷ್ಟಿಯೊಳಗೆ. ಮುಷ್ಟಿ ಬಿಚ್ಚಲೊಲ್ಲ.

ಆಗ ಬಾಸಿತ್ ಮಿಯಾ ಅಚ್ಚು ಒಡೆದು,
ಇನ್ನೂ ಕೋಟೆಯ ಮಣ್ಣು ಕಾಣದ,
ಉಳಿ ಮುಟ್ಟದ, ಬೂದು ಬಣ್ಣದ ಒಂದು ಕಾಯಿಯನ್ನು
ಇಕ್ಕಳದಲ್ಲಿ ತಂದು ಆ ಮನೆಯಲ್ಲಿಟ್ಟ.
ಕುದುರೆಯೋ ವಜೀರನೋ, ಅವನೂ ಹೇಳಲಿಲ್ಲ.

ಧೂಳಪ್ಪ ಆತುರದಿಂದ ಎತ್ತಿದ, ಅಲ್ಲೇ ಬಿಟ್ಟ,
ಬೆರಳನ್ನು ಬಾಯಿಗಿಟ್ಟುಕೊಂಡು ಕೂತ.
"ಇನ್ನಾ ಸುಡ್ಲತ್ತದಲ್ಲೋ ಮಾರಾಯ."